ನೋಡಿದ್ದನ್ನು ಹೇಳದ ಕೆಲಸಗಾರ: ವೆರ್ಣಾದ ಒಂದು ಪ್ರಕರಣ

ದಕ್ಷಿಣ ಗೋವಾದ ವೆರ್ಣಾ ಕೈಗಾರಿಕಾ ವಸಾಹತಿನ ಒಂದು ಔಷಧ ಕಾರ್ಖಾನೆಯಲ್ಲಿ, ಪ್ಯಾಕಿಂಗ್ ವಿಭಾಗದ 27 ವರ್ಷದ ಆಪರೇಟರ್ ಒಬ್ಬನಿಗೆ ಷೋಕಾಸ್ ನೋಟಿಸ್ ಹೋಯಿತು. ಕಣ್ಣಿಗೆ ಬಿದ್ದ ದೋಷವನ್ನು ಮುಚ್ಚಿಟ್ಟ, ಮುದ್ರಿತ ಸಾಮಗ್ರಿಯನ್ನು ಅಪ್ಪಣೆಯಿಲ್ಲದೆ ಹರಿದು ಹಾಕಿದ ಎಂಬ ಎರಡು ಆರೋಪ. ಸಾಮಗ್ರಿ ಅಂದರೆ ಮಾತ್ರೆ ತುಂಬುವ ಎರಡು ಖಾಲಿ ಕಾರ್ಟನ್. ಅವನು ಅಲ್ಲಿ ಸೇರಿ ನಾಲ್ಕು ವರ್ಷವಾಗಿತ್ತು. ದೂರು, ತಡ, ಜಗಳ ಒಂದೂ ಇಲ್ಲ. ವರ್ಷದ ಮೌಲ್ಯಮಾಪನದಲ್ಲಿ ಪ್ರತಿ ಸಲವೂ ಒಂದೇ ಸಾಲು: ‘ಶಾಂತ ಸ್ವಭಾವದ ಹುಡುಗ’.

ನಾನು ಆ ಕಾರ್ಖಾನೆಯ ನೌಕರಳಲ್ಲ. ವಾರಕ್ಕೊಮ್ಮೆ ಹೋಗಿ ಕಾರ್ಮಿಕರ ಜೊತೆ ಮಾತಾಡುವ ಆಪ್ತಸಮಾಲೋಚಕಿ. ಧಾರವಾಡದಲ್ಲಿ ಸಮಾಜಕಾರ್ಯ ಓದಿ, ಮದುವೆಯಾಗಿ ಮಡಗಾಂವಿಗೆ ಬಂದವಳು. ವಿಚಾರಣೆಯಲ್ಲಿ ಹುಡುಗ ಬಾಯಿಯೇ ಬಿಡುತ್ತಿಲ್ಲ, ನಿಮಗೆ ಕನ್ನಡ ಬರುತ್ತದಲ್ಲ ನೋಡಿ ಎಂದು ಎಚ್‌ಆರ್‌ನವರು ಕಡತ ಕೊಟ್ಟರು. ಅವನ ಒಪ್ಪಿಗೆ ಪಡೆದು, ಹೆಸರು, ಊರು ಮತ್ತು ಗುರುತು ಹತ್ತುವಂಥ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ. ಈರಣ್ಣ ಎಂದು ಕರೆಯೋಣ.

ಆ ದಿನ ಲೈನಿನಲ್ಲಿ ನಡೆದದ್ದು

ಔಷಧ ಪ್ಯಾಕಿಂಗ್‌ನಲ್ಲಿ ಒಂದು ಬ್ಯಾಚ್ ಮುಗಿದು ಇನ್ನೊಂದು ಶುರುವಾಗುವ ಮುಂಚೆ ‘ಲೈನ್ ಕ್ಲಿಯರೆನ್ಸ್’ ಎಂಬ ತಪಾಸಣೆ ನಡೆಯಬೇಕು. ಹಿಂದಿನ ಬ್ಯಾಚಿನ ಮಾತ್ರೆ, ಫಾಯಿಲ್, ಕಾರ್ಟನ್, ಒಳಗಿಡುವ ಕಾಗದ ಯಾವುದೂ ಯಂತ್ರದ ಮೇಲೆ, ಕೆಳಗೆ, ಸಂದಿಯಲ್ಲಿ ಉಳಿದಿರಬಾರದು. ಉತ್ಪಾದನೆಯವರು ಒಮ್ಮೆ ನೋಡಿ ಸಹಿ ಹಾಕುತ್ತಾರೆ, ಗುಣಮಟ್ಟ ಖಾತರಿ ವಿಭಾಗದ, ಅಂದರೆ ಕ್ಯೂಎ ವಿಭಾಗದ ಒಬ್ಬರು ಮತ್ತೊಮ್ಮೆ ನೋಡಿ ಸಹಿ ಹಾಕುತ್ತಾರೆ. ಇಷ್ಟು ಕಟ್ಟುನಿಟ್ಟು ಯಾಕೆಂದರೆ, ಕಾರ್ಟನ್ ಮೇಲೆ ಬ್ಯಾಚ್ ಸಂಖ್ಯೆ, ತಯಾರಿ ತಿಂಗಳು, ಅವಧಿ ಮುಗಿಯುವ ತಿಂಗಳು, ಬೆಲೆ ಎಲ್ಲ ಅಚ್ಚಾಗಿರುತ್ತದೆ. ಹಳೆಯ ಬ್ಯಾಚಿನ ಒಂದೇ ಒಂದು ಕಾರ್ಟನ್ ಹೊಸದರಲ್ಲಿ ಸೇರಿದರೂ ಯಾರದೋ ಮನೆಯಲ್ಲಿ ತಪ್ಪು ತಾರೀಖಿನ ಔಷಧ ಇದ್ದಂತೆ. ಸರಕು ಮಾರುಕಟ್ಟೆಗೆ ಹೋದ ಮೇಲೆ ಅದು ಪತ್ತೆಯಾದರೆ ಇಡೀ ಬ್ಯಾಚನ್ನು ವಾಪಸು ತರಿಸಬೇಕಾಗಬಹುದು.

ಅಂದು ಕ್ಲಿಯರೆನ್ಸ್ ಆಗಿ, ಎರಡೂ ಸಹಿ ಬಿದ್ದು, ಹೊಸ ಬ್ಯಾಚ್ ಓಡತೊಡಗಿ ಸುಮಾರು ಒಂದು ಗಂಟೆಯಾದ ಮೇಲೆ, ಕಾರ್ಟನ್ ಯಂತ್ರದ ಬೆಲ್ಟಿನ ಅಡಿಯಲ್ಲಿ ಹಳೆಯ ಬ್ಯಾಚಿನ ಎರಡು ಕಾರ್ಟನ್ ಬಿದ್ದಿದ್ದು ಈರಣ್ಣನ ಕಣ್ಣಿಗೆ ಬಿತ್ತು. ನಿಯಮ ಅವನಿಗೆ ಗೊತ್ತು: ಕೂಡಲೇ ಲೈನ್ ನಿಲ್ಲಿಸಬೇಕು, ಕ್ಯೂಎದವರನ್ನು ಕರೆಯಬೇಕು, ದಾಖಲಿಸಬೇಕು. ಅವನು ಬಗ್ಗಿ ಎರಡನ್ನೂ ಎತ್ತಿಕೊಂಡ. ಪ್ಯಾಕಿಂಗ್ ವಿಭಾಗದ ಅಂಗಿಗೆ ಜೇಬು ಇರುವುದಿಲ್ಲ, ಇದ್ದಿದ್ದರೆ ಬಹುಶಃ ಜೇಬಿಗಿಳಿಸುತ್ತಿದ್ದ. ಕೈಯಲ್ಲೇ ಹರಿದು, ನಾಶಕ್ಕೆ ಹೋಗುವ ಚೀಲಕ್ಕೆ ಹಾಕಿ, ಏನೂ ಆಗದವನಂತೆ ತನ್ನ ಜಾಗಕ್ಕೆ ಬಂದು ನಿಂತ.

ಹಳೆಯ ಬ್ಯಾಚಿನ ಕಾರ್ಟನ್ ಲೆಕ್ಕ ಹೊಂದಿಸುವಾಗ ಎರಡು ಕಡಿಮೆ ಬಂದವು. ಪಡೆದದ್ದು, ಬಳಸಿದ್ದು, ಕೆಟ್ಟದ್ದು, ಹಿಂತಿರುಗಿಸಿದ್ದು ಎಲ್ಲ ಕೂಡಿದರೂ ತಾಳೆಯಾಗಲಿಲ್ಲ. ಸಿಸಿಟಿವಿ ನೋಡಿದರು, ಈರಣ್ಣ ಬಗ್ಗಿದ್ದು, ಹರಿದದ್ದು ಎಲ್ಲ ಅದರಲ್ಲಿತ್ತು. ಹೊಸ ಬ್ಯಾಚನ್ನು ತಡೆಹಿಡಿದು ಪೆಟ್ಟಿಗೆ ಪೆಟ್ಟಿಗೆಯಾಗಿ ತಪಾಸಣೆ ಮಾಡಿದರು. ಬೆರಕೆ ಆಗಿರಲಿಲ್ಲ. ಆದರೆ ಯಾಕೆ ಹೀಗೆ ಮಾಡಿದೆ ಎಂದರೆ ಹುಡುಗ ತಲೆ ತಗ್ಗಿಸಿ ನಿಂತುಬಿಡುತ್ತಿದ್ದ. ಮೌನಕ್ಕೆ ವಿಚಾರಣೆಯವರು ತಮಗೆ ತೋಚಿದ ಅರ್ಥ ಹಚ್ಚಿದರು: ಒಬ್ಬರು ಉಡಾಫೆ ಎಂದರು, ಇನ್ನೊಬ್ಬರು ಯಾರನ್ನೋ ಸಿಕ್ಕಿಸುವ ಸಂಚು ಎಂದರು.

ನನ್ನ ಮುಂದೆಯೂ ಮೊದಲೆರಡು ಭೇಟಿಯಲ್ಲಿ ಹೌದ್ರಿ, ಇಲ್ರಿ ಬಿಟ್ಟರೆ ಮಾತಿಲ್ಲ. ಮೂರನೆಯ ಸಲ ನಾನು ನೇರವಾಗಿಯೇ ಕೇಳಿದೆ.

“ಅಲ್ಲೋ ತಮ್ಮಾ, ಆ ಕಾರ್ಟನ್ ಹೊಸ ಬ್ಯಾಚಿನ್ಯಾಗ ಸೇರಿದ್ರ ಏನಾಗ್ತಿತ್ತು, ಗೊತ್ತೈತಿಲ್ಲೋ?”

“ಗೊತ್ತೈತ್ರಿ ಅಕ್ಕಾರ. ಅದಕ್ಕ ಹರದ ಒಗದ್ನಿ.”

“ಕರದ ಹೇಳಾಕ ಏನಾಗಿತ್ತು?”

ಬಹಳ ಹೊತ್ತು ಬಿಟ್ಟು ಹೇಳಿದ: “ಹೇಳಿದ್ರ ನಗ್ತಾರ್ರಿ.”

ಯಾರು ನಗುತ್ತಾರೆ, ಯಾಕೆ ನಗುತ್ತಾರೆ ಎಂದು ಕೇಳಿದಾಗ ಅವನು ಕಾರ್ಖಾನೆಯ ಮಾತು ಎತ್ತಲಿಲ್ಲ. ಐದನೇ ತರಗತಿಯ ಮಾತು ತೆಗೆದ.

ಕೈ ಎತ್ತಿದರೆ ಸಾಕು

ಈರಣ್ಣನ ತಂದೆ ತಾಯಿ ಬಾಗಲಕೋಟೆ ಜಿಲ್ಲೆಯ ಒಂದು ಹಳ್ಳಿಯಿಂದ ಬಂದವರು. ತಂದೆ ಕಟ್ಟಡಗಳಲ್ಲಿ ಕಾಂಕ್ರೀಟ್ ಕೆಲಸ, ತಾಯಿ ಫ್ಲ್ಯಾಟುಗಳಲ್ಲಿ ಮನೆಗೆಲಸ. ವಾಸ ವಾಸ್ಕೋ ಹತ್ತಿರದ ಝುವಾರಿನಗರದಲ್ಲಿ. 2011ರ ಜನಗಣತಿಯ ಪ್ರಕಾರ ಗೋವಾದಲ್ಲಿ ಶೇ 4ಕ್ಕಿಂತ ಹೆಚ್ಚು ಜನರ ತಾಯ್ನುಡಿ ಕನ್ನಡ. ಅವರಲ್ಲಿ ಬಹಳಷ್ಟು ಮಂದಿ ಇಂಥ ಮನೆಗಳವರು: ಬಂದರು, ಕಟ್ಟಡ, ರಸ್ತೆ, ಹೋಟೆಲು ಎಂದು ಘಟ್ಟ ಇಳಿದು ಬಂದವರು. ನಾಲ್ಕನೆಯ ತರಗತಿಯವರೆಗೆ ಹುಡುಗ ಕನ್ನಡ ಮಾಧ್ಯಮದಲ್ಲಿದ್ದ. ಐದಕ್ಕೆ ಒಂದು ಇಂಗ್ಲಿಷ್ ಮಾಧ್ಯಮ ಹೈಸ್ಕೂಲಿಗೆ ಹಾಕಿದರು. ಪಾಠ ಇಂಗ್ಲಿಷ್, ಅಂಗಳ ಕೊಂಕಣಿ, ಜಗಳ ಹಿಂದಿ. ಅವನಿಗೆ ಮೂರೂ ಅರ್ಧಂಬರ್ಧ.

ಘಟ್ಟದ ಮೇಲಿನವರನ್ನು ಗೋವಾದಲ್ಲಿ ‘ಘಾಂಟಿ’ ಎಂದು ಹೀಯಾಳಿಸುವುದು ಇಲ್ಲಿರುವ ಕನ್ನಡಿಗರಿಗೆಲ್ಲ ಗೊತ್ತು. ಹಿಂದಿಯಲ್ಲಿ ಘಂಟಿ ಅಂದರೆ ಗಂಟೆ. ತರಗತಿಯ ಹುಡುಗರು ಇವೆರಡನ್ನೂ ಸೇರಿಸಿ ಒಂದು ಆಟ ಕಟ್ಟಿದರು. ಬೆಳಿಗ್ಗೆ ಹಾಜರಿ ಕರೆಯುವಾಗ ಈರಣ್ಣನ ಹೆಸರು ಬಂತೆಂದರೆ ಹಿಂದಿನ ಬೆಂಚುಗಳಿಂದ ‘ಟಣ್ ಟಣ್’. ಅವನು ‘ಪ್ರೆಸೆಂಟ್’ ಅನ್ನುವಷ್ಟರಲ್ಲಿ ಇಡೀ ವರ್ಗ ನಗುತ್ತಿತ್ತು. ದಿನವೂ ಇದೇ. ಕೂಗಿದವರೆಲ್ಲ ಗೋವಾದವರೆಂದು ಯಾರೂ ಅಂದುಕೊಳ್ಳಬಾರದು. ಜೋರಾಗಿ ಕೂಗುತ್ತಿದ್ದವರಲ್ಲಿ ಇಬ್ಬರು ನಮ್ಮ ಕಡೆಯ ಹುಡುಗರೇ, ಇವನಿಗಿಂತ ಎರಡು ಮೂರು ವರ್ಷ ಮೊದಲು ಬಂದು ಕೊಂಕಣಿ ಕಲಿತವರು.

ಆಮೇಲೆ ಊಟದ ಡಬ್ಬಿ. ಕಟಕ ರೊಟ್ಟಿ ಮುರಿದರೆ ಸಪ್ಪಳ ಬರುತ್ತದೆ. ಆ ಸಪ್ಪಳಕ್ಕೂ ಟಣ್ ಟಣ್ ಶುರುವಾಯಿತು. ಅವನು ಮನೆಯಲ್ಲಿ ರೊಟ್ಟಿ ಬೇಡ, ಪಾವ್ ಕೊಡು ಎಂದು ಹಟ ಹಿಡಿದ. ಮಗನಿಗೆ ಈ ಊರಿನ ರುಚಿ ಹತ್ತಿತು ಎಂದು ತಾಯಿ ಅಂದುಕೊಂಡಳು. ಒಂಬತ್ತನೇ ತರಗತಿಯಲ್ಲಿ ಒಂದಷ್ಟು ತಿಂಗಳು ಸಾಯುವ ಯೋಚನೆಯೂ ಬಂದಿತ್ತಂತೆ. ಅದನ್ನು ಯಾರಿಗೂ ಹೇಳಿರಲಿಲ್ಲ, ನನಗೆ ಹೇಳಿದ್ದೇ ಮೊದಲು.

ಆದರೆ ಈ ಪ್ರಕರಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದ್ಯಾವುದೂ ಅಲ್ಲ. ಆರನೇ ತರಗತಿಯಲ್ಲಿ ಒಬ್ಬ ಟೀಚರ್ ಬಂದರು. ಒಳ್ಳೆಯವರು. ಅವನ ಪಾಡು ನೋಡಿ ಮರುಗಿ, “ನೀನು ಪ್ರೆಸೆಂಟ್ ಅನ್ನಬೇಡ, ಕೈ ಎತ್ತಿದರೆ ಸಾಕು, ನಾನು ನೋಡಿ ಬರೆದುಕೊಳ್ಳುತ್ತೇನೆ” ಎಂದರು. ಮುಂದಿನ ಟೀಚರುಗಳೂ ಅದನ್ನೇ ಮುಂದುವರಿಸಿದರು. ಹತ್ತನೆಯ ತರಗತಿ ಮುಗಿಯುವವರೆಗೆ, ಐದು ವರ್ಷ, ಈರಣ್ಣನ ಹಾಜರಿ ಬಿದ್ದದ್ದು ಕೈಯಿಂದ. ಟಣ್ ಟಣ್ ಕ್ರಮೇಣ ನಿಂತಿತು. ಗಟ್ಟಿಯಾಗಿ ಓದು ಎಂದು ಅವನಿಗೆ ಯಾರೂ ಹೇಳುತ್ತಿರಲಿಲ್ಲ. ಪ್ರಶ್ನೆ ಕೇಳುತ್ತಿರಲಿಲ್ಲ. ಸ್ನೇಹಸಮ್ಮೇಳನದಲ್ಲಿ ಪರದೆ ಎಳೆಯುವ ಕೆಲಸ ಕೊಟ್ಟಿದ್ದರು. “ಆ ಟೀಚರ್ ದೇವ್ರಂಥಾಕಿರಿ” ಎಂದು ಈಗಲೂ ಅನ್ನುತ್ತಾನೆ. ನಾನು ಎದುರು ಮಾತಾಡಲಿಲ್ಲ. ಆದರೆ ಕೂಗಿದ ಮೂವತ್ತು ಮಕ್ಕಳನ್ನು ಬಿಟ್ಟು ಕೂಗಿಸಿಕೊಂಡ ಒಬ್ಬನ ಬಾಯಿ ಮುಚ್ಚಿಸಿದ್ದು ಆ ಉಪಾಯ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಅದು ಮುಖ್ಯವಾಗಿ ಮೇಷ್ಟ್ರುಗಳ ಕೈ ಕಟ್ಟುವ ಸೆಕ್ಷನ್. ಮಕ್ಕಳು ಮಕ್ಕಳನ್ನು ಗೋಳುಹೊಯ್ದುಕೊಂಡಾಗ ಏನು ಮಾಡಬೇಕೆಂಬುದು ಆಯಾ ಶಾಲೆಯ ವಿವೇಕಕ್ಕೆ ಬಿಟ್ಟ ಮಾತಾಯಿತು, ಆ ಶಾಲೆಯ ವಿವೇಕ ಇಷ್ಟು.

ಕಾರ್ಖಾನೆಯಲ್ಲಿ ನಡೆದದ್ದು ಇದರದೇ ಎರಡನೆಯ ಪ್ರತಿ. ಪ್ರತಿ ಪಾಳಿಯ ಶುರುವಿಗೆ ಐದು ನಿಮಿಷ ನಿಂತು ಮಾತಾಡುವ ಸಭೆ ಇರುತ್ತದೆ, ಒಬ್ಬೊಬ್ಬರೂ ತಮ್ಮ ಯಂತ್ರದ ಸ್ಥಿತಿ ಹೇಳಬೇಕು. ಈರಣ್ಣ ತಡವರಿಸುವುದನ್ನು ನೋಡಿದ ಪಾಳಿ ಮೇಲ್ವಿಚಾರಕರು, ಅವರೂ ಒಳ್ಳೆಯವರೇ, “ನಿನ್ನದು ನಾನು ಹೇಳುತ್ತೇನೆ ಬಿಡು” ಎಂದರು. ನಾಲ್ಕು ವರ್ಷ ಅವರೇ ಹೇಳಿದರು. ಊಟದ ಹೊತ್ತಿಗೆ ಕ್ಯಾಂಟೀನಿನಲ್ಲಿ ಇವನು ಗೋಡೆಗೆ ಮುಖ ಮಾಡಿ ಕೂರುತ್ತಿದ್ದ. ಅಂದು ಲೈನ್ ಕ್ಲಿಯರೆನ್ಸಿಗೆ ಸಹಿ ಹಾಕಿದ್ದ ಕ್ಯೂಎ ಹುಡುಗ ಮೊದಲ ದಿನದಿಂದಲೂ ಇವನನ್ನು ಕರೆಯುತ್ತಿದ್ದದ್ದು “ಘಾಂಟಿ, ಹಾಂಗಾ ಯೋ” ಎಂದು, ಅಂದರೆ ಇಲ್ಲಿ ಬಾ ಎಂದು. ಈರಣ್ಣ ನಕ್ಕು ಹೋಗುತ್ತಿದ್ದ.

ಈಗ ಆ ದಿನದ ಕಾರ್ಟನ್ ನೋಡಿ. ಲೈನ್ ನಿಲ್ಲಿಸುವುದೆಂದರೆ ಇಪ್ಪತ್ತು ಜನರ ಕಣ್ಣು ತನ್ನ ಮೇಲೆ ಬೀಳುವುದು. ಹೇಳಬೇಕಾದ್ದು ಯಾರಿಗೆ? ತನಗೆ ಆ ಹೆಸರಿಟ್ಟವನಿಗೆ. ಹೇಳಬೇಕಾದ್ದು ಏನು? ನೀನು ಸರಿಯಾಗಿ ನೋಡಿಲ್ಲ ಎಂದು. “ನಾ ಬಾಯಿ ತಗದ್ರ ಏನರ ಒಂದ ಆಗತೈತ್ರಿ. ಯಾರ್ ಕಣ್ಣಿಗೂ ಬೀಳದಂಗ ಇದ್ದಬಿಟ್ರ ಸಾಕ್ರಿ” ಎಂದ. ರೋಗಿಗೆ ತಪ್ಪು ಔಷಧ ಹೋಗಬಾರದು ಎಂಬ ಜವಾಬ್ದಾರಿ ಅವನಲ್ಲಿ ಪೂರ್ತಿ ಇತ್ತು, ಅದಕ್ಕೇ ಹರಿದ. ಬಾಯಿ ಒಂದು ಮಾತ್ರ ಅವನ ವಶದಲ್ಲಿರಲಿಲ್ಲ.

ವರದಿಯಲ್ಲಿ ಬರೆದದ್ದು

ಕಂಪನಿಗೆ ಬೇಕಾಗಿದ್ದು ನನ್ನಿಂದ ಒಂದು ಪುಟದ ವರದಿ. ಅದರಲ್ಲಿ ‘ಆತ್ಮವಿಶ್ವಾಸದ ಕೊರತೆ, ವ್ಯಕ್ತಿತ್ವ ವಿಕಸನ ತರಬೇತಿ ಕೊಡಿಸಬಹುದು’ ಎಂದು ಬರೆದಿದ್ದರೆ ಎಲ್ಲರಿಗೂ ಸಲೀಸಾಗುತ್ತಿತ್ತು. ನಾನು ಬರೆಯಲಿಲ್ಲ.

ಬುಲ್ಲಿಯಿಂಗ್, ಅಂದರೆ ಹೀಗೆ ಒಬ್ಬನನ್ನು ಹಿಡಿದು ಕಾಡಿಸುವುದರ ಬಗ್ಗೆ ಮೊದಲು ವ್ಯವಸ್ಥಿತವಾಗಿ ಕೆಲಸ ಮಾಡಿದ ಮನೋವಿಜ್ಞಾನಿ ಡಾನ್ ಓಲ್‌ವೇಯಸ್ ಅದಕ್ಕೆ ಮೂರು ಲಕ್ಷಣ ಹೇಳುತ್ತಾರೆ: ಬೇಕೆಂದೇ ಮಾಡುವುದು, ಮತ್ತೆ ಮತ್ತೆ ಮಾಡುವುದು, ಇಬ್ಬರ ನಡುವೆ ಬಲದ ವ್ಯತ್ಯಾಸವಿರುವುದು. ಮೂರನೆಯದನ್ನು ನಮ್ಮವರು ಮರೆಯುತ್ತಾರೆ. ಮೂವತ್ತಕ್ಕೆ ಒಬ್ಬ ಎಂಬಲ್ಲಿ ‘ನೀನೂ ತಿರುಗಿ ಅನ್ನು’ ಎಂಬ ಉಪದೇಶಕ್ಕೆ ಅರ್ಥವಿಲ್ಲ. ಇದು ಶಾಲೆಯ ಜೊತೆಗೇ ಮುಗಿಯುವುದೂ ಇಲ್ಲ. ಬ್ರಿಟನ್ನಿನಲ್ಲಿ 1958ರ ಒಂದು ವಾರದಲ್ಲಿ ಹುಟ್ಟಿದ ಮಕ್ಕಳನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನವೊಂದಿದೆ. ಅವರಲ್ಲಿ 7,771 ಮಂದಿಯ ಮಾಹಿತಿಯನ್ನು ಇಟ್ಟುಕೊಂಡು 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, 7 ಮತ್ತು 11ನೇ ವಯಸ್ಸಿನಲ್ಲಿ ಹೀಗೆ ಪದೇ ಪದೇ ಕಾಡಿಸಿಕೊಂಡವರಲ್ಲಿ 45ನೇ ವಯಸ್ಸಿನಲ್ಲೂ ಖಿನ್ನತೆ, ಆತಂಕ ಹೆಚ್ಚು, 50ನೇ ವಯಸ್ಸಿನಲ್ಲೂ ಸ್ನೇಹ ಸಂಬಂಧಗಳು ಕಡಿಮೆ. ಸರಾಸರಿಯ ಮಾತು ಇದು, ಒಬ್ಬೊಬ್ಬನ ಹಣೆಬರಹ ಅಲ್ಲ. ಆದರೂ ‘ಮಕ್ಕಳಾಟಿಕೆ’ ಎಂದು ತಳ್ಳಿಹಾಕುವವರ ಮುಂದಿಡಲು ಸಾಕು.

ಈರಣ್ಣನ ತಾಯಿ ಹೇಳಿದ್ದೂ ಅದೇ ಧಾಟಿಯ ಮಾತು. “ಈಗ ದೊಡ್ಡಾಂವ ಆಗಿ, ಅದನ್ಯಾಕ ಹಿಡಕೊಂಡ ಕುಂತಿ, ಬಿಟ್ಟಬಿಡಪಾ.” ಆಕೆಯ ಮೇಲೆ ನನಗೆ ಬೇಸರವಿಲ್ಲ, ತಾನು ಮಾಡುತ್ತಿದ್ದ ರೊಟ್ಟಿ ಯಾಕೆ ಬೇಡವಾಯಿತೆಂದು ಆಕೆಗೆ ತಿಳಿದದ್ದೇ ಈ ವರ್ಷ. ಆದರೆ ಬಿಟ್ಟುಬಿಡು ಅನ್ನುವವರಿಗೆ ನನ್ನದೊಂದು ಪ್ರಶ್ನೆ: ಅವನು ಹಿಡಿದುಕೊಂಡಿದ್ದಾನೆಯೇ, ಅಥವಾ ದಿನಾ ಬೆಳಿಗ್ಗೆ ಅದೇ ಹೆಸರಿನಿಂದ ಕರೆದು ಅವನ ಕೈಗೆ ಮತ್ತೆ ಮತ್ತೆ ಕೊಡುತ್ತಿದ್ದಾರೆಯೇ?

ಎಚ್‌ಆರ್‌ನ ಒಬ್ಬರು ‘ನಿಮ್ಮ ಕನ್ನಡದವರ ಸಂಘಕ್ಕೆ ಸೇರಿಸಿ’ ಎಂದರು. ಅವನು ರಾಜ್ಯೋತ್ಸವಕ್ಕೆ ಹೋಗುತ್ತಾನೆ, ಊರಿನವರ ಜೊತೆ ಬನಶಂಕರಿ ಜಾತ್ರೆಗೂ ಹೋಗುತ್ತಾನೆ. ಅಲ್ಲಿ ಅವನ ಮಾತಿಗೆ ಎಂದೂ ತಡೆಯಿರಲಿಲ್ಲ. ತನ್ನವರ ನಡುವೆ ಇರುವ ಜಾಗವನ್ನು ತೋರಿಸಿ, ದುಡಿಯುವಲ್ಲಿ ಇಲ್ಲದ ಜಾಗದ ಲೆಕ್ಕ ತೀರಿಸುವ ಈ ಜಾಣತನ ವಲಸೆ ಬಂದವರ ವಿಷಯದಲ್ಲಿ ಎಲ್ಲೆಡೆ ನಡೆಯುತ್ತದೆ.

ಕೊನೆಗೆ ವರದಿಯಲ್ಲಿ ಎರಡು ಮಾತು ಬರೆದೆ. ಒಂದು, ಈತ ಮುಚ್ಚಿಟ್ಟದ್ದು ನಿಜ, ಔಷಧ ಕೆಲಸದಲ್ಲಿ ಅದು ಸಣ್ಣದಲ್ಲ, ಲಿಖಿತ ಎಚ್ಚರಿಕೆ ಕೊಡುವುದು ನ್ಯಾಯ. ಎರಡು, ಈ ಲೈನಿನಲ್ಲಿ ದೋಷ ಕಂಡವನು ಹೇಳಲಾಗದಂತೆ ಮಾಡಿದ್ದು ಎರಡು ಸಂಗತಿ, ಒಂದು ಅಡ್ಡಹೆಸರು, ಇನ್ನೊಂದು ಅವನಿಗೆ ಮಾತಿನಿಂದ ಕೊಟ್ಟ ವಿನಾಯಿತಿ. ಎರಡೂ ಕಂಪನಿಯ ಕೈಯಲ್ಲಿವೆ. ಎರಡನೆಯ ಮಾತಿಗೆ ಆಕ್ಷೇಪ ಬಂತು. ಕೆಲಸದ ಜಾಗದ ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಿದೆ, ಜಾತಿ ನಿಂದನೆಗೆ ಕಾಯ್ದೆಯಿದೆ, ಅಡ್ಡಹೆಸರಿಗೆ ಯಾವ ಕಾಯ್ದೆ ಎಂದು ಕೇಳಿದರು. ಕಾಯ್ದೆ ಇಲ್ಲ, ಲೈನ್ ಕ್ಲಿಯರೆನ್ಸ್ ಇದೆ, ಅದು ಕೆಟ್ಟಿದೆ ಎಂದೆ. ಗುಣಮಟ್ಟ ವಿಭಾಗದ ಮುಖ್ಯಸ್ಥೆ ಅಷ್ಟು ಹೊತ್ತು ಸುಮ್ಮನಿದ್ದವರು, ಈ ಮಾತಿಗೆ ಪೆನ್ನು ತೆಗೆದರು.

ಪಟ್ಟಿ ಓದುವ ಕೆಲಸ

ವರದಿಯ ಮೇಲೆ ಮುಂದೇನು ಎಂದು ಒಂದು ಯೋಜನೆಯಾಯಿತು. ಅದರಲ್ಲಿ ಈರಣ್ಣನ ಆರೋಗ್ಯದ ಭಾಗ ಚಿಕ್ಕದು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯಲ್ಲಿ 27ಕ್ಕೆ 11 ಬಂದಿತ್ತು, ಅಂದರೆ ಮಧ್ಯಮ ಪ್ರಮಾಣ. ನಿದ್ದೆ ಸರಿಯಿರಲಿಲ್ಲ. ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆಯಲ್ಲಿ ತೋರಿಸಿಕೊಂಡು ಬಂದ, ಸದ್ಯಕ್ಕೆ ಮಾತ್ರೆ ಬೇಡ, ಸಮಾಲೋಚನೆ ಮುಂದುವರಿಸಿ ಎಂದರು. ಈಗ ಸಾಯುವ ಯೋಚನೆ ಇಲ್ಲವೆಂದು ಖಚಿತಪಡಿಸಿಕೊಂಡೆ. ರಾತ್ರಿ ಪಾಳಿಯಲ್ಲಿ ಮನಸ್ಸು ಕೆಟ್ಟರೆ ಇರಲಿ ಎಂದು ಟೆಲಿ-ಮಾನಸ್‌ನ 14416 ಬರೆದುಕೊಟ್ಟೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರುಮಾಡಿದ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತಾಡಬಹುದು.

ದೊಡ್ಡ ಭಾಗ ಲೈನಿನ ಮೇಲಿತ್ತು. ಇದಕ್ಕೆ ನನಗೆ ಆಧಾರವಾದದ್ದು ಗೋವಾದಲ್ಲೇ ನಡೆದ ಕೆಲಸ. 1996ರಲ್ಲಿ ಇಲ್ಲಿ ಹುಟ್ಟಿದ ‘ಸಂಗಾತ್’ ಸಂಸ್ಥೆ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ವೈದ್ಯರಲ್ಲದ ಸಾಮಾನ್ಯ ಸಮಾಲೋಚಕರಿಂದ ಖಿನ್ನತೆಗೆ ಚಿಕಿತ್ಸೆ ಕೊಡಿಸಿ ನೋಡಿತು. ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು, ಪ್ರಯೋಜನ ಆಗಿತ್ತು. ಅದರ ತಿರುಳು ಇಷ್ಟೇ: ಮನಸ್ಸು ಸರಿಹೋಗಲಿ ಆಮೇಲೆ ಕೆಲಸ ಅಂತ ಕಾಯಬೇಡಿ, ಸಣ್ಣ ಕೆಲಸವೊಂದನ್ನು ಗೊತ್ತುಮಾಡಿಕೊಂಡು ಮಾಡಿ, ಮನಸ್ಸು ಹಿಂದೆ ಬರುತ್ತದೆ. ಈರಣ್ಣನ ಸಣ್ಣ ಕೆಲಸ ಯಾವುದು? ಬಾಯಿ ತೆರೆಯುವುದು. ಆದರೆ ಏನು ಹೇಳಬೇಕೆಂಬುದು ಮೊದಲೇ ಗೊತ್ತಿರಬೇಕು, ತಡವರಿಸಿದರೂ ಮಾತು ಕೆಡಬಾರದು, ಹೇಳದಿದ್ದರೆ ಕೆಲಸ ಮುಂದೆ ಹೋಗಬಾರದು. ಲೈನ್ ಕ್ಲಿಯರೆನ್ಸ್ ಪಟ್ಟಿ ಇದಕ್ಕೆ ಹೇಳಿ ಮಾಡಿಸಿದಂತಿತ್ತು.

ಅಲ್ಲಿಯವರೆಗೆ ಆ ಪಟ್ಟಿಯನ್ನು ಒಬ್ಬರೇ ಮನಸ್ಸಿನಲ್ಲಿ ಓದಿ ಗುರುತು ಹಾಕುತ್ತಿದ್ದರು. ಇನ್ನು ಮುಂದೆ ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಆ ಜಾಗವನ್ನು ಕೈಯಿಂದ ತೋರಿಸಿ ‘ಖಾಲಿ’ ಎನ್ನಬೇಕು, ಆಮೇಲೆ ಗುರುತು ಎಂದು ಗುಣಮಟ್ಟ ವಿಭಾಗ ನಿಯಮ ತಿದ್ದಿತು. ಈ ಬದಲಾವಣೆ ಎಲ್ಲ ಲೈನುಗಳಿಗೂ ಬಂತು, ಹಾಗಾಗಿ ಈರಣ್ಣನಿಗಾಗಿ ಮಾಡಿದ್ದೆಂದು ಯಾರಿಗೂ ಅನಿಸಲಿಲ್ಲ. ಅವನ ಲೈನಿನಲ್ಲಿ ಓದುವವನು ಅವನು. ತೋರಿಸುವವನು ಅದೇ ಕ್ಯೂಎ ಹುಡುಗ.

ಅಡ್ಡಹೆಸರಿನ ವಿಷಯ ಪಾಳಿ ಮೇಲ್ವಿಚಾರಕರು ನಿಭಾಯಿಸಿದರು. ಈರಣ್ಣನಿಂದ ‘ಹಾಗೆ ಕರೆಯಬೇಡ’ ಎಂದು ಹೇಳಿಸಬಾರದು, ಅದು ಮತ್ತೆ ಒಬ್ಬನ ಮೇಲೆ ಭಾರ ಹೊರಿಸಿದ ಹಾಗೆ ಎಂದು ನಾನು ಪಟ್ಟು ಹಿಡಿದಿದ್ದೆ. ಅವರು ಕ್ಯೂಎ ಹುಡುಗನನ್ನು ಬೇರೆಯಾಗಿ ಕೂರಿಸಿಕೊಂಡು ಹೇಳಿದರು. ಅವನು ಬಂದು ನನ್ನ ಹತ್ತಿರವೂ ಮಾತಾಡಿದ. “ನಾನು ಪ್ರೀತಿಯಿಂದ ಕರೆಯುತ್ತಿದ್ದೆ ಮೇಡಂ, ಅವನೂ ನಗುತ್ತಿದ್ದನಲ್ಲ” ಎಂದ. ಸುಳ್ಳು ಹೇಳುತ್ತಿದ್ದಾನೆ ಎಂದು ನನಗೆ ಅನಿಸಲಿಲ್ಲ. ನಾಲ್ಕು ವರ್ಷದಲ್ಲಿ ಅವನು ಈರಣ್ಣನಿಗೆ ಪಾಳಿ ಬದಲಿಸಿಕೊಟ್ಟಿದ್ದಾನೆ, ಬೈಕಿನ ಮೇಲೆ ಮನೆಯವರೆಗೆ ಬಿಟ್ಟಿದ್ದಾನೆ. ಹಾಗಿದ್ದೂ ಇವನು ಕಾರ್ಟನ್ ಸಿಕ್ಕಾಗ ಅವನನ್ನು ಕರೆಯಲಿಲ್ಲ. ಇದನ್ನು ಹೇಳಿದ ಮೇಲೆ ಅವನು ಸ್ವಲ್ಪ ಹೊತ್ತು ಏನೂ ಅನ್ನದೆ ಎದ್ದು ಹೋದ. ಮರುದಿನದಿಂದ ಹೆಸರು ಹಿಡಿದೇ ಕರೆದ. ಆ ಪಾಳಿಯ ಉಳಿದವರು ತಾವಾಗಿ ಬಿಟ್ಟರು.

ಪಟ್ಟಿ ಇಂಗ್ಲಿಷಿನಲ್ಲಿದೆ. ಮೊದಲ ವಾರ ಈರಣ್ಣನ ದನಿ ಯಂತ್ರ ನಿಂತಿದ್ದರೂ ಕೇಳುತ್ತಿರಲಿಲ್ಲವಂತೆ. ಕ್ಯೂಎ ಹುಡುಗ ‘ಜೋರಾಗಿ’ ಎಂದರೆ ಇವನಿಗೆ ಬೆವರು. ಮೇಲ್ವಿಚಾರಕರಿಗೆ ಕರುಣೆ ಬಂದು, ತಾವೇ ಓದಿಬಿಡಲೇ ಎಂದು ನನಗೆ ಫೋನು ಮಾಡಿದರು. ಬೇಡ, ಕಾಯಿರಿ ಎಂದೆ. ಹದಿನೈದು ನಿಮಿಷದ ಕೆಲಸ ಅರ್ಧ ಗಂಟೆ ಹಿಡಿಯುತ್ತಿತ್ತು. ಆ ಅರ್ಧ ಗಂಟೆ ಕಾದ ಲೈನಿನ ಜನರಿಗೆ ಈ ಪ್ರಕರಣದಲ್ಲಿ ಎಲ್ಲರಿಗಿಂತ ಹೆಚ್ಚು ಪಾಲಿದೆ ಎಂದು ನನ್ನ ಅಭಿಪ್ರಾಯ. ಅವರಿಗೆ ಇದರ ಹಿಂದುಮುಂದು ಗೊತ್ತಿರಲಿಲ್ಲ. ಓದುವವನು ಓದಿ ಮುಗಿಸಿದರೆ ತಾವು ಶುರುಮಾಡಬಹುದು, ಅಷ್ಟೇ.

ಎರಡನೆಯ ತಿಂಗಳಲ್ಲಿ ಒಂದು ದಿನ, ಒಳಗಿಡುವ ಕಾಗದ ಮಡಿಸುವ ಯಂತ್ರದ ಸಾಲು ಓದಿದ. ಎದುರಿನವನು ‘ಖಾಲಿ’ ಎಂದ. ಈರಣ್ಣ ಮುಂದಿನ ಸಾಲಿಗೆ ಹೋಗಲಿಲ್ಲ. “ರಾವ್” ಎಂದ, ಕೊಂಕಣಿಯಲ್ಲೇ, ನಿಲ್ಲು ಎಂದು. ಯಂತ್ರದ ಬಾಯಿಯ ಒಳಬದಿಗೆ ಬೇರೆ ಪ್ರಮಾಣದ ಮಾತ್ರೆಯ ಕಾಗದ ಒಂದು ಅಂಟಿಕೊಂಡಿತ್ತು. ಕ್ಯೂಎ ಹುಡುಗ ಅದನ್ನು ಎಳೆದು ತೆಗೆದ, ದಾಖಲಿಸಿದ, “ಬರೆದುಕೊಂಡೆ, ಮುಂದಿನದು ಓದು” ಎಂದ. ಇವನು ಓದಿದ. ಯಾರೂ ನಗಲಿಲ್ಲ. ಯಾರೂ ಚಪ್ಪಾಳೆ ತಟ್ಟಲೂ ಇಲ್ಲ, ಅದು ಇನ್ನೂ ಒಳ್ಳೆಯದಾಯಿತು. ಚಪ್ಪಾಳೆ ತಟ್ಟಿದ್ದರೆ ಅವನು ಮತ್ತೆ ಎಲ್ಲರ ಕಣ್ಣಿಗೆ ಬೀಳುವ ಬೇರೆ ಜಾತಿಯ ಪ್ರಾಣಿಯಾಗುತ್ತಿದ್ದ. ಈ ಘಟನೆಯನ್ನು ಮೇಲ್ವಿಚಾರಕರು ನನಗೆ ಸಂಭ್ರಮದಿಂದ ಹೇಳಿದರು. ಈರಣ್ಣ ಮುಂದಿನ ಭೇಟಿಯ ಕೊನೆಗೆ, ಎದ್ದು ಹೋಗುವಾಗ ಹೇಳಿದ: “ಮುಂದಿನದು ಓದು ಅಂದಾರಿ. ಅಷ್ಟ.”

ಮೂರು ತಿಂಗಳ ನಂತರದ ಪರಿಶೀಲನೆಯಲ್ಲಿ ಇನ್ನೊಂದು ತಮಾಷೆ. ಈ ಲೈನಿನಲ್ಲಿ ದಾಖಲಾದ ಸಣ್ಣಪುಟ್ಟ ದೋಷಗಳ ಚೀಟಿ ಜಾಸ್ತಿಯಾಗಿದ್ದವು, ಈರಣ್ಣನವು ಮಾತ್ರವಲ್ಲ, ಎಲ್ಲರವೂ. ಲೈನು ಹಾಳಾಗುತ್ತಿದೆ ಎಂದು ಉತ್ಪಾದನಾ ವ್ಯವಸ್ಥಾಪಕರು ಗಾಬರಿಯಾದರು. ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ನೋಡಿದ್ದೂ ಇದನ್ನೇ. ಚೆನ್ನಾಗಿ ನಡೆಯುವ ತಂಡಗಳಲ್ಲೇ ಔಷಧ ಕೊಡುವ ತಪ್ಪುಗಳ ಲೆಕ್ಕ ಹೆಚ್ಚು ಬಂದಿತ್ತು. ಹುಡುಕಿದರೆ, ಅವರು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ, ಮಾಡಿದ್ದನ್ನು ಹೇಳುತ್ತಿದ್ದರು. ಇದನ್ನು ಗುಣಮಟ್ಟ ಮುಖ್ಯಸ್ಥೆಯೇ ಸಭೆಯಲ್ಲಿ ವಿವರಿಸಿದರು. ವ್ಯವಸ್ಥಾಪಕರು ಪೂರ್ತಿ ಒಪ್ಪಿದರು ಎಂದು ಹೇಳಲಾರೆ.

ಈಗಿನ ಸ್ಥಿತಿ

ಸಾಮಗ್ರಿಯನ್ನು ಅಪ್ಪಣೆಯಿಲ್ಲದೆ ಹರಿದ ಎಂಬ, ಕಳ್ಳತನದ ವಾಸನೆಯಿದ್ದ ಆರೋಪ ಬಿಟ್ಟುಹೋಯಿತು, ಎಚ್ಚರಿಕೆ ಪತ್ರ ಉಳಿಯಿತು. ಪಿಎಚ್‌ಕ್ಯೂ-9 ಅಂಕ 11ರಿಂದ 5ಕ್ಕೆ ಇಳಿದಿದೆ. ಪಾಳಿಯ ಸಭೆಯಲ್ಲಿ ತನ್ನ ಯಂತ್ರದ ಸ್ಥಿತಿ ಈಗ ತಾನೇ ಹೇಳುತ್ತಾನೆ, ಎರಡೇ ವಾಕ್ಯ. ಎಲ್ಲವೂ ಬದಲಾಗಿಲ್ಲ. ಕ್ಯಾಂಟೀನಿನಲ್ಲಿ ಇಂದಿಗೂ ಗೋಡೆಯ ಕಡೆಯ ಕುರ್ಚಿಯೇ ಇಷ್ಟ. ರೊಟ್ಟಿ ತಂದಿಲ್ಲ, ತರುವ ಮನಸ್ಸೂ ಇಲ್ಲ, “ಪಾವ್ ರೂಢಿ ಆಗೇತ್ರಿ” ಅನ್ನುತ್ತಾನೆ, ಅದನ್ನು ನಾನು ಕೆದಕಲಿಲ್ಲ. ಶಾಲೆಯ ಹಳೆಯ ಹುಡುಗರ ವಾಟ್ಸ್ಆ್ಯಪ್ ಗುಂಪಿಗೆ ಯಾರೋ ಸೇರಿಸಿದ್ದರು, ಒಂದೇ ದಿನದಲ್ಲಿ ಹೊರಬಂದ. ಕ್ಷಮಿಸಿದರೆ ನಿನಗೇ ಹಗುರವಾಗುತ್ತದೆ ಎಂದು ಅವನ ಮಾವ ಒತ್ತಾಯಿಸುತ್ತಿದ್ದಾರೆ. ಕ್ಷಮೆಯನ್ನು ಯಾರೂ ಕೇಳಿಯೇ ಇಲ್ಲವಲ್ಲ ಎಂಬುದು ಈರಣ್ಣನ ಉತ್ತರ, ಅದಕ್ಕೆ ನನ್ನಲ್ಲೂ ಮರುಮಾತಿಲ್ಲ. ಎರಡನೆಯ ಪಾಳಿಯಲ್ಲಿ ಕೊಪ್ಪಳದ ಕಡೆಯಿಂದ ಬಂದ ಹೊಸ ಹುಡುಗನೊಬ್ಬನನ್ನು ಅದೇ ಹಳೆಯ ಹೆಸರಿನಿಂದ ಕರೆಯುತ್ತಿದ್ದಾರೆಂದು ಸುದ್ದಿಯಿದೆ. ಆ ಪಾಳಿಯ ಮೇಲ್ವಿಚಾರಕರು ಬೇರೆ, ಅವರ ಜೊತೆ ಮಾತು ಇನ್ನೂ ಆಗಬೇಕು. ಶಾಲೆಗಳ ಮಟ್ಟದಲ್ಲಿ ಏನು ಮಾಡಬಹುದೆಂಬುದಕ್ಕೂ ಸಂಗಾತ್‌ನವರೇ ಬಿಹಾರದಲ್ಲಿ ನಡೆಸಿದ ಪ್ರಯೋಗವಿದೆ: 2018ರಲ್ಲಿ ಪ್ರಕಟವಾದ ಅದರಲ್ಲಿ, ಶಾಲೆಯ ವಾತಾವರಣ ತಿದ್ದುವ ಕೆಲಸವನ್ನು ಅದಕ್ಕೆಂದೇ ನೇಮಿಸಿದ ಸಮಾಲೋಚಕರು ಮಾಡಿದಲ್ಲಿ ಬುಲ್ಲಿಯಿಂಗ್ ಇಳಿಯಿತು, ಅದೇ ಕೆಲಸವನ್ನು ಇರುವ ಮೇಷ್ಟ್ರುಗಳ ತಲೆಗೆ ಕಟ್ಟಿದಲ್ಲಿ ಇಳಿಯಲಿಲ್ಲ. ನಮ್ಮ ವಾಸ್ಕೋ ಕಡೆಯ ಶಾಲೆಗಳಲ್ಲಿ ಒಂದೆರಡು ಇದನ್ನು ಕೇಳಿಸಿಕೊಂಡರೂ ಸಾಕು.

ಭರವಸೆಯ ಬಗ್ಗೆ ಬರೆದ ಮನೋವಿಜ್ಞಾನಿ ಸಿ. ಆರ್. ಸ್ನೈಡರ್, ಗುರಿಯ ಜೊತೆಗೆ ಅದಕ್ಕೆ ಹೋಗುವ ದಾರಿ ಕಾಣಬೇಕು, ನಡೆಯಬಲ್ಲೆ ಎನ್ನಿಸಬೇಕು ಎನ್ನುತ್ತಾರೆ. ಶುರುವಿನಲ್ಲಿ ಮುಂದಿನ ವರ್ಷ ಎಲ್ಲಿರುತ್ತೀ ಎಂದು ಕೇಳಿದಾಗ ಈರಣ್ಣ “ಇಲ್ಲೇರಿ, ಇದ್ದಂಗ” ಎಂದಿದ್ದ. ಹತ್ತನೆಯದು ಮುಗಿಸಿ ಐಟಿಐ ಮಾಡಿದವನು ಅವನು. ಯಂತ್ರ ವಿಭಾಗದಲ್ಲಿ ಮೇಲೆ ಹೋಗಬೇಕಾದರೆ 12ನೇ ತರಗತಿ ಬೇಕೆಂದು ಮೊದಲಿಂದ ಗೊತ್ತಿತ್ತು, ಮತ್ತೆ ತರಗತಿಯೊಳಗೆ ಕೂರುವ ಮಾತೇ ಬೇಡವೆಂದು ಬಿಟ್ಟಿದ್ದ. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯ ಮೂಲಕ ಮನೆಯಲ್ಲೇ ಓದಿ ಪರೀಕ್ಷೆಗೆ ಮಾತ್ರ ಹೋಗಬಹುದು ಎಂದು ಹೇಳಿದ್ದು ಅದೇ ಕ್ಯೂಎ ಹುಡುಗ, ಅವನ ತಂಗಿ ಹಾಗೆ ಮಾಡಿದ್ದಳಂತೆ. ಅರ್ಜಿ ತುಂಬುವಾಗ ಜೊತೆಗಿದ್ದವನೂ ಅವನೇ. ಹಾಲ್ ಟಿಕೆಟ್ ಬಂದಾಗ ಈರಣ್ಣ ಮೊದಲು ನೋಡಿದ್ದು ಕೇಂದ್ರ ಯಾವ ಶಾಲೆ ಎಂದು. ಮಡಗಾಂವ್ ಕಡೆಯದು, ತನ್ನದಲ್ಲ. ಪರೀಕ್ಷೆಯ ದಿನಗಳಿಗೆ ರಜೆ ಕೇಳಿ ಅರ್ಜಿ ಕೊಟ್ಟಿದ್ದಾನೆ. ಆ ದಿನಗಳಲ್ಲಿ ಅವನ ಲೈನಿನಲ್ಲಿ ಪಟ್ಟಿ ಓದುವವರು ಯಾರೆಂದು ಗೊತ್ತಾಗದೆ ಮೇಲ್ವಿಚಾರಕರು ಅರ್ಜಿಯನ್ನು ಇನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದಾರೆ.